ಓದಬೇಕಾದವರೇ ಓದಲಾಗದ ಕಾಗದ

2013ರ ಜನವರಿಯಲ್ಲಿ ಅಮೆರಿಕದ ಮೈಕಾ ಲೀ ಅನ್ನೋ ತಂತ್ರಜ್ಞರಿಗೆ ಗುರುತು ಹೇಳದ ಯಾರೋ ಒಂದು ಇಮೇಲು ಕಳಿಸಿದರು. ಅದು ಪಿಜಿಪಿಯಲ್ಲಿ ಎನ್‌ಕ್ರಿಪ್ಟ್ ಆಗಿತ್ತು. ಬಿಡಿಸೋ ಕೀ ಲೀ ಹತ್ತಿರ ಇತ್ತು, ಬಿಡಿಸಿ ಓದಿದರು. ಸಾಕ್ಷ್ಯಚಿತ್ರ ನಿರ್ದೇಶಕಿ ಲಾರಾ ಪೋಯಿಟ್ರಸ್ ಜೊತೆ ಗುಟ್ಟಾಗಿ ಮಾತಾಡಬೇಕು, ಅವರ ಕೀ ಹುಡುಕಿಕೊಡಿ ಅನ್ನೋದು ಕಾಗದದ ಸಾರಾಂಶ. ಸರಿ, ಉತ್ತರ ಬರೆಯೋಣ ಅಂದ್ರೆ ಬರೆಯೋ ಹಾಗಿಲ್ಲ. ಕಳಿಸಿದವರು ತಮ್ಮ ಕೀ ಜೊತೆಗೆ ಇಡೋದನ್ನೇ ಮರೆತಿದ್ದರು. ಕೊನೆಗೆ ಲೀ ಯಾರು ಬೇಕಾದರೂ ಓದಬಹುದಾದ ಮಾಮೂಲಿ ಇಮೇಲಿನಲ್ಲೇ ನಿಮ್ಮ ಕೀ ಕೊಡಿ ಅಂತ ಕೇಳಬೇಕಾಯಿತು. ಮರೆತವರ ಹೆಸರು ಎಡ್ವರ್ಡ್ ಸ್ನೋಡೆನ್.

ಅದಕ್ಕೂ ಒಂದು ತಿಂಗಳು ಮುಂಚೆ, 2012ರ ಡಿಸೆಂಬರ್‌ನಲ್ಲಿ, ಇದೇ ಸ್ನೋಡೆನ್ ಪತ್ರಕರ್ತ ಗ್ಲೆನ್ ಗ್ರೀನ್‌ವಾಲ್ಡ್‌ಗೆ ಬರೆದಿದ್ದರು. ಪಿಜಿಪಿ ಹಾಕ್ಕೊಳ್ಳಿ, ಆಮೇಲೆ ಮಾತಾಡೋಣ ಅಂತ. ಗ್ರೀನ್‌ವಾಲ್ಡ್ ಹಾಕ್ಕೊಳ್ಳಲಿಲ್ಲ. ಹೇಗೆ ಹಾಕ್ಕೊಳ್ಳೋದು ಅಂತ ಸ್ನೋಡೆನ್ ಒಂದು ವಿಡಿಯೋ ಮಾಡಿ ಕಳಿಸಿದರು. ಆಗಲೂ ಇಲ್ಲ. 2014ರಲ್ಲಿ ಬಂದ ತಮ್ಮ ಪುಸ್ತಕದಲ್ಲಿ ಗ್ರೀನ್‌ವಾಲ್ಡ್ ಇದನ್ನೆಲ್ಲ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಮನುಷ್ಯ ಸೋಮಾರಿಯೇನಲ್ಲ, ವಕೀಲಿಕೆ ಮಾಡಿ ಪತ್ರಿಕೋದ್ಯಮಕ್ಕೆ ಬಂದವರು, ಸರ್ಕಾರದ ಕಣ್ಗಾವಲಿನ ಬಗ್ಗೆ ವರ್ಷಗಟ್ಟಲೆ ಬರೆದವರು. ಅಂಥವರು ಜೀವಮಾನದ ಸುದ್ದಿಯನ್ನ ಕೈಯಾರೆ ಬಿಟ್ಟುಕೊಡೋ ಹಂತಕ್ಕೆ ಬಂದಿದ್ದರು. ಕಾರಣ, ಒಂದು ಸಾಫ್ಟ್‌ವೇರ್ ಹಾಕ್ಕೊಳ್ಳೋ ಬೇಸರ.

ಪಿಜಿಪಿ ಬಗ್ಗೆ ಬರೆಯೋರು ಸ್ನೋಡೆನ್ ಪ್ರಕರಣವನ್ನ ಅದರ ಗೆಲುವಿನ ಕಥೆ ಅಂತ ಹೇಳ್ತಾರೆ. ಗಣಿತದ ಮಟ್ಟಿಗೆ ನಿಜ, ಆ ಕಾಗದಗಳನ್ನ ಎನ್‌ಎಸ್‌ಎ ನಡುದಾರಿಯಲ್ಲಿ ಒಡೆದು ಓದಿದ ಬಗ್ಗೆ ಎಲ್ಲೂ ಸುದ್ದಿ ಬರಲಿಲ್ಲ. ಆದ್ರೆ ಒಂದು ಕೃತಿಯನ್ನ ವಿಮರ್ಶೆ ಮಾಡೋರು ಅದರ ಗಣಿತ ನೋಡಿ ಸುಮ್ಮನಾಗೋ ಹಾಗಿಲ್ಲ. ಕಾಗದ ಅಂದ ಮೇಲೆ ಓದೋರು ಅಂತ ಒಬ್ಬರಿರ್ತಾರೆ. ಪಿಜಿಪಿ ತನ್ನ ಶತ್ರುವನ್ನ ಬಹಳ ಚೆನ್ನಾಗಿ ಊಹಿಸಿಕೊಂಡಿದೆ, ತನ್ನ ಓದುಗರನ್ನ ಊಹಿಸಿಕೊಂಡೇ ಇಲ್ಲ. ಈ ಬರಹದ ತಕರಾರು ಇಷ್ಟೇ.

ತಕರಾರಿಗೆ ಮುಂಚೆ ಕೊಡಬೇಕಾದ ಗೌರವ ಕೊಟ್ಟುಬಿಡೋಣ. ಫಿಲ್ ಝಿಮ್ಮರ್‌ಮನ್ 1991ರ ಜೂನ್‌ನಲ್ಲಿ ಪಿಜಿಪಿಯ ಮೊದಲ ಆವೃತ್ತಿ ಹೊರಗೆ ಬಿಟ್ಟರು, ಪುಕ್ಕಟೆಯಾಗಿ, ಮೂಲ ಕೋಡ್ ಸಮೇತ. ಅಲ್ಲೀವರೆಗೆ ಗಟ್ಟಿ ಎನ್‌ಕ್ರಿಪ್ಷನ್ ಅನ್ನೋದು ಸೈನ್ಯದವರ, ಬ್ಯಾಂಕಿನವರ ಸೊತ್ತು. ಅಮೆರಿಕದ ಕಾನೂನಿನ ಕಣ್ಣಿಗೆ ಅದು ಮದ್ದುಗುಂಡಿನ ಸಾಲಿಗೆ ಸೇರಿದ ಸಾಮಾನು, ಲೈಸೆನ್ಸ್ ಇಲ್ಲದೆ ದೇಶದಾಚೆ ಕಳಿಸೋ ಹಾಗಿಲ್ಲ. ಪಿಜಿಪಿ ಇಂಟರ್‌ನೆಟ್ ಹಿಡಿದು ಗಡಿ ದಾಟಿತು. 1993ರಲ್ಲಿ ಝಿಮ್ಮರ್‌ಮನ್ ಮೇಲೆ ಕ್ರಿಮಿನಲ್ ತನಿಖೆ ಶುರುವಾಯ್ತು, ಮೂರು ವರ್ಷ ನಡೆಯಿತು, 1996ರ ಜನವರಿಯಲ್ಲಿ ಆರೋಪಪಟ್ಟಿಯಿಲ್ಲದೆ ಮುಗಿಯಿತು. ನಡುವೆ 1995ರಲ್ಲಿ ಎಂಐಟಿ ಪ್ರೆಸ್ಸು ಪಿಜಿಪಿಯ ಇಡೀ ಕೋಡನ್ನ ಪುಸ್ತಕವಾಗಿ ಅಚ್ಚು ಹಾಕಿತು. ಫ್ಲಾಪಿಯಲ್ಲಿ ಕಳಿಸಿದರೆ ಅಪರಾಧ, ಪುಸ್ತಕವಾಗಿ ಕಳಿಸಿದರೆ ಅಭಿವ್ಯಕ್ತಿ ಸ್ವಾತಂತ್ರ್ಯ! ಹೊರದೇಶದವರು ಪುಸ್ತಕ ತರಿಸಿಕೊಂಡು, ಹಾಳೆ ಹಾಳೆ ಸ್ಕ್ಯಾನ್ ಮಾಡಿ ಮತ್ತೆ ಪ್ರೋಗ್ರಾಂ ಕಟ್ಟಬಹುದಿತ್ತು. ಆ ಪುಸ್ತಕ ನೆನೆಸಿಕೊಂಡಾಗೆಲ್ಲ ನನಗೆ ಖುಷಿಯಾಗುತ್ತೆ. ನಾವು ದಿನಾ ಬರೆಯೋ ಕೋಡಿಗೆ ಆ ಯೋಗ ಇಲ್ಲ ಬಿಡಿ.

ಈಗ ಇದು ಕೆಲಸ ಮಾಡೋ ರೀತಿ ನೋಡೋಣ. ಹೆಸರಿನಲ್ಲೇ ಮೊದಲ ಎಡವಟ್ಟಿದೆ. ಇಂಗ್ಲಿಷಿನವರು ಪಬ್ಲಿಕ್ ಕೀ, ಪ್ರೈವೇಟ್ ಕೀ ಅಂತ ಎರಡು 'ಕೀ' ಮಾಡಿದರು. ನಾವೂ ಅದನ್ನ ಎತ್ತಿಕೊಂಡು ಸಾರ್ವಜನಿಕ ಕೀಲಿ, ಖಾಸಗಿ ಕೀಲಿ ಅಂದೆವು. ಆದ್ರೆ ಹಾವೇರಿ ಜಿಲ್ಲೆಯ ನಮ್ಮೂರಲ್ಲಿ ಕೀಲಿ ಅಂದ್ರೆ ಬೀಗ. ಅದನ್ನ ತೆರೆಯೋದು ಕೀಲಿಕೈ. "ಬಾಗಲಕ್ಕ ಕೀಲಿ ಹಾಕೀಯೇನು? ಕೀಲಿಕೈ ಎಲ್ಲಿಟ್ಟಿ?" ಅಂತಾರೆ. ಎರಡು ಬೇರೆ ಬೇರೆ ವಸ್ತು, ಎರಡು ಬೇರೆ ಬೇರೆ ಹೆಸರು. ಪಿಜಿಪಿಯಲ್ಲಿ ಇರೋದೂ ಹಾಗೆಯೇ. ನೀವು ಊರಿಗೆಲ್ಲ ಹಂಚೋದು ಬಾಯಿ ತೆರೆದ ಬೀಗ, ಅಂದ್ರೆ ಕೀಲಿ. ನಿಮಗೆ ಕಾಗದ ಬರೆಯೋರು ಅದನ್ನ ಪೆಟ್ಟಿಗೆಗೆ ಹಾಕಿ ಒತ್ತಿಬಿಟ್ಟರೆ ಆಯ್ತು, ಆಮೇಲೆ ಅವರಿಂದಲೂ ತೆರೆಯೋಕಾಗಲ್ಲ. ತೆರೆಯೋ ಕೀಲಿಕೈ ಒಂದೇ, ಅದು ನಿಮ್ಮ ಹತ್ತಿರ ಮಾತ್ರ. ಹೀಗೆ ಹೇಳಿದರೆ ನಮ್ಮ ಅಜ್ಜಿಗೂ ಅರ್ಥವಾಗ್ತಿತ್ತು. ಒಳಗಿನ ವ್ಯವಹಾರ ಇನ್ನೂ ಒಂದು ಸುತ್ತು ಜಾಸ್ತಿ ಇದೆ. ಪ್ರತಿ ಕಾಗದಕ್ಕೂ ಒಂದು ಹೊಸ ಗುಪ್ತ ಸಂಖ್ಯೆ ಹುಟ್ಟಿಸಿ, ಕಾಗದವನ್ನ ಅದರಲ್ಲಿ ಮುಚ್ಚಿ, ಆ ಸಂಖ್ಯೆಯನ್ನ ಮಾತ್ರ ನಿಮ್ಮ ಕೀಲಿಯಲ್ಲಿ ಮುಚ್ಚುತ್ತಾರೆ. ದೊಡ್ಡ ಕಾಗದವನ್ನ ನೇರವಾಗಿ ಆ ಗಣಿತದಲ್ಲಿ ಅದ್ದಿದರೆ ತುಂಬ ನಿಧಾನ, ಅದಕ್ಕೆ ಈ ಉಪಾಯ. ಇದನ್ನ ನೆನಪಿಡಬೇಕಾಗಿಲ್ಲ. ಕೀಲಿ ಬೇರೆ, ಕೀಲಿಕೈ ಬೇರೆ ಅನ್ನೋದು ಮಾತ್ರ ನೆನಪಿರಲಿ, ಇನ್ಮುಂದೆ ಇದೇ ಎರಡು ಶಬ್ದ ಬಳಸ್ತೀನಿ.

ಹೆಸರಿನಿಂದ ಏನು ಮಹಾ ಆಗಿಬಿಡುತ್ತೆ ಅನ್ನೋರಿಗೆ 1999ರ ಒಂದು ಪ್ರಬಂಧ ತೋರಿಸಬಹುದು. ಆಲ್ಮಾ ವಿಟ್ಟನ್ ಮತ್ತು ಜೆ. ಡಿ. ಟೈಗರ್ ಬರೆದದ್ದು, ಜಾನಿಗೆ ಯಾಕೆ ಎನ್‌ಕ್ರಿಪ್ಟ್ ಮಾಡೋಕೆ ಬರಲ್ಲ ಅನ್ನೋದೇ ಅದರ ತಲೆಬರಹ. ಆ ಹೊತ್ತಿಗೆ ಪಿಜಿಪಿಗೆ 5.0 ಆವೃತ್ತಿ ಬಂದಿತ್ತು, ಚಂದದ ಕಿಟಕಿ, ಬೀಗದ ಚಿತ್ರ, ಸಹಿಗೆ ಗರಿಯ ಲೇಖನಿಯ ಚಿತ್ರ, ಎಲ್ಲ ಇತ್ತು. ಇಮೇಲು ಬಳಸಿ ರೂಢಿಯಿದ್ದ 12 ಜನರನ್ನ ಕೂರಿಸಿ, ನೀವೊಂದು ಚುನಾವಣಾ ಪ್ರಚಾರದ ತಂಡದಲ್ಲಿದ್ದೀರಿ, ಈ ಗುಟ್ಟನ್ನ ತಂಡದವರಿಗೆ ಸಹಿ ಮಾಡಿ, ಎನ್‌ಕ್ರಿಪ್ಟ್ ಮಾಡಿ ಕಳಿಸಿ ಅಂದರು. 90 ನಿಮಿಷ ಕೊಟ್ಟರು. ಮೂರನೇ ಒಂದು ಭಾಗದವರು ಮಾತ್ರ ಸರಿಯಾಗಿ ಮಾಡಿದರು. ಮೂವರು ಗುಟ್ಟನ್ನ ಹಾಗೇ ಬಿಚ್ಚಿ ಕಳಿಸಿಬಿಟ್ಟರು. ನನಗೆ ಬಹಳ ಕಾಡಿದ್ದು ಇನ್ನೊಂದು ಅಂಕಿ. ಏಳು ಮಂದಿ, ಕಾಗದ ಪಡೆಯೋರ ಕೀಲಿ ಹಾಕೋ ಬದಲು ತಮ್ಮದೇ ಕೀಲಿ ಹಾಕಿ ಕಳಿಸಿದರು. ಅಂದ್ರೆ ಪಡೆದವರು ಅದನ್ನ ಓದೋ ಹಾಗೇ ಇಲ್ಲ. ಇವರು ದಡ್ಡರೇ? ಅಲ್ಲವೇ ಅಲ್ಲ. ನಮ್ಮ ಮನೆ ಬಾಗಿಲಿಗೆ ನಾವು ನಮ್ಮ ಕೀ ಹಾಕ್ತೀವಿ, ಹಾಗೇ ನನ್ನ ಕಾಗದಕ್ಕೆ ನನ್ನ ಕೀ ಹಾಕಿದೆ ಅಂತ ಯೋಚಿಸಿದ್ದಾರೆ. ಒಂದೇ 'ಕೀ' ಎರಡೂ ಕೆಲಸ ಮಾಡೋ ಲೋಕದಿಂದ ಬಂದವರು ಅವರು. ಎರಡಕ್ಕೂ ಅದೇ ಹೆಸರಿಟ್ಟದ್ದು ಸಾಫ್ಟ್‌ವೇರು.

ಬೇರೆಯವರ ಕೈಲಿ ಕಾಗದ ಓದಿಸಿಕೊಳ್ಳೋದು ಅಂದ್ರೆ ಏನು ಅಂತ ನಮ್ಮ ಪೀಳಿಗೆಯ ಹಳ್ಳಿ ಹುಡುಗರಿಗೆ ಸ್ವಲ್ಪ ಗೊತ್ತು. ನಮ್ಮ ಕಾಕಾ ಪುಣೆಯ ಫ್ಯಾಕ್ಟರಿಯಲ್ಲಿದ್ದರು. ತಿಂಗಳಿಗೊಮ್ಮೆ ಇನ್‌ಲ್ಯಾಂಡ್ ಲೆಟರ್ ಬರ್ತಿತ್ತು. ಅಜ್ಜಿಗೆ ಓದು ಬರ್ತಿರಲಿಲ್ಲ. ಶಾಲೆ ಮಾಸ್ತರ್ರು ಸಂಜೆ ಕಟ್ಟೆ ಮೇಲೆ ಕೂತು ಓದಿ ಹೇಳೋರು, ಸುತ್ತ ಇನ್ನೂ ನಾಲ್ಕು ಜನ ಇರೋರು. ಕಾಕಾಗೆ ಇದು ಗೊತ್ತಿತ್ತು. ಹಾಗಾಗಿ ಅವರ ಎಲ್ಲ ಕಾಗದಗಳೂ ಒಂದೇ ಥರ, ಮಳೆ ಬೆಳೆ ಕ್ಷೇಮ, ಕಡೆಗೆ "ಉಳಿದದ್ದು ಊರಿಗೆ ಬಂದಾಗ ಹೇಳ್ತೀನಿ". ಅಜ್ಜಿಗೆ ಆ ಕೊನೆಯ ಸಾಲು ಬಂದ ಕೂಡಲೇ ಮುಖ ಸಣ್ಣದಾಗ್ತಿತ್ತು. ಮಾಸ್ತರ್ರು ಒಳ್ಳೆಯವರೇ, ಒಂದು ಮಾತೂ ಆಚೆ ಈಚೆ ಮಾಡಿದವರಲ್ಲ. ಆದ್ರೂ ಅವರ ಒಳ್ಳೆತನದ ಮೇಲೆ ನಿಂತ ಗುಟ್ಟು ಅದು, ಅಜ್ಜಿಯದಲ್ಲ.

ಆಗ ಅಕ್ಷರ ಇದ್ದ ಜಾಗದಲ್ಲಿ ಈಗ ಕೀಲಿಕೈ ಇದೆ. ಎನ್‌ಕ್ರಿಪ್ಟ್ ಆದ ಕಾಗದ ಓದೋಕೆ ಬೇಕಾದ ಹೊಸ ಸಾಕ್ಷರತೆ ಕೆಲವೇ ಜನಕ್ಕಿದೆ, ಉಳಿದವರು ಯಾರಾದರೂ ಮಾಸ್ತರ್ರನ್ನ ಹುಡುಕಬೇಕು. ಮಾಸ್ತರ್ರ ಜಾಗದಲ್ಲಿ ಈಗ ನಾವಿದ್ದೀವಿ, ಬಿಇ ಮಾಡಿದೋರು. ಇಲ್ಲಾಂದ್ರೆ ನಾವು ಕೆಲಸ ಮಾಡೋ ಕಂಪನಿಗಳು.

ಇಷ್ಟು ಹೊತ್ತು ಹೇಳಿದ್ದು ಕಾಗದವನ್ನ ಮೊದಲ ಸಲ ತೆರೆಯೋ ಕಷ್ಟ. ನನಗೆ ಇದಕ್ಕಿಂತ ದೊಡ್ಡ ದೋಷ ಅನ್ನಿಸೋದು ಎರಡನೇ ಸಲ ತೆರೆಯೋದರಲ್ಲಿದೆ, ಅದರ ಬಗ್ಗೆ ಮಾತು ಕಡಿಮೆ. ಇಮೇಲನ್ನ ನಾವು ಹೇಗೆ ಬಳಸ್ತೀವಿ ಯೋಚನೆ ಮಾಡಿ. ಬಾಡಿಗೆ ಕರಾರು, ಆಫರ್ ಲೆಟರ್, 2011ರಲ್ಲಿ ಸ್ನೇಹಿತೆ ಬರೆದ ಉದ್ದನೆ ಕಾಗದ, ಡಾಕ್ಟರ ರಿಪೋರ್ಟು. ಬಂದ ದಿನ ಒಂದು ಸಲ ಓದ್ತೀವಿ, ಆಮೇಲೆ ಐದು ವರ್ಷಕ್ಕೋ ಹತ್ತು ವರ್ಷಕ್ಕೋ ಹುಡುಕ್ತೀವಿ. ಇಮೇಲು ಅರ್ಧ ಟಪಾಲು, ಇನ್ನರ್ಧ ಟ್ರಂಕು. ಪಿಜಿಪಿ ಅದನ್ನ ಬರೀ ಟಪಾಲು ಅಂದುಕೊಂಡಿತು. ದಾರಿಯಲ್ಲಿ ಯಾರೂ ಓದದಿರಲಿ ಅಂತ ಹಾಕಿದ ಕೀಲಿ, ಕಾಗದ ಮನೆ ಸೇರಿದ ಮೇಲೂ ಹಾಗೇ ಇರುತ್ತೆ. ನಿಮ್ಮ ಇನ್‌ಬಾಕ್ಸಿನಲ್ಲಿ ಹದಿನೈದು ವರ್ಷದ ಕಾಗದಗಳು ಒಂದೇ ಕೀಲಿಕೈಯನ್ನ ನಂಬಿಕೊಂಡು ಮಲಗಿರ್ತವೆ. ಒಳಗೇನಿದೆ ಅಂತ ಹುಡುಕೋ ಹಾಗೂ ಇಲ್ಲ, ಹುಡುಕೋ ಯಂತ್ರಕ್ಕೆ ಅದು ಬರೀ ಅರ್ಥವಿಲ್ಲದ ಅಕ್ಷರರಾಶಿ. ತಮಾಷೆ ನೋಡಿ, ಕಾಗದದ ವಿಷಯ ಅಂತ ಮೇಲೆ ಬರೆಯೋ ಸಾಲು, ಯಾರಿಂದ, ಯಾರಿಗೆ, ಯಾವಾಗ ಅನ್ನೋದು, ಇವೆಲ್ಲ ಎನ್‌ಕ್ರಿಪ್ಟ್ ಆಗ್ತಿರಲಿಲ್ಲ. ವಿಷಯದ ಸಾಲನ್ನ ಮುಚ್ಚೋ ಏರ್ಪಾಡು ಆಮೇಲೆ ಕೆಲವು ಸಾಫ್ಟ್‌ವೇರುಗಳಲ್ಲಿ ಬಂತು, ವಿಳಾಸ ಇವತ್ತಿಗೂ ಬಯಲಲ್ಲೇ ಇದೆ.

ಈ ಒಂದೇ ಕೀಲಿಕೈ ಕಳೆದುಹೋದರೆ ಎಲ್ಲ ಹೋಯ್ತು. ಲ್ಯಾಪ್‌ಟಾಪ್ ಕೆಟ್ಟಿತು, ಪಾಸ್‌ಫ್ರೇಸ್ ಮರೆತೋಯ್ತು, ಮನುಷ್ಯ ಸತ್ತ. ಬೀಗ ರಿಪೇರಿಯವನನ್ನ ಕರೆದು ಒಡೆಸೋಕೆ ಇದು ಗೋದ್ರೆಜ್ ಕಪಾಟಲ್ಲ. ಕಳವಾದರೆ ಅದಕ್ಕಿಂತ ಕಷ್ಟ. ಯಾರೋ ಹತ್ತು ವರ್ಷ ನಿಮ್ಮ ಮುಚ್ಚಿದ ಕಾಗದಗಳನ್ನ ಸುಮ್ಮನೆ ಕೂಡಿಟ್ಟಿದ್ದಾರೆ ಅಂದುಕೊಳ್ಳಿ. ಹನ್ನೊಂದನೇ ವರ್ಷ ಕೀಲಿಕೈ ಸಿಕ್ಕಿದರೆ ಮೊದಲ ದಿನದ ಕಾಗದದಿಂದ ಹಿಡಿದು ಎಲ್ಲವೂ ತೆರೀತವೆ. ನಿಕಿತಾ ಬೊರಿಸೊವ್, ಇಯಾನ್ ಗೋಲ್ಡ್‌ಬರ್ಗ್, ಎರಿಕ್ ಬ್ರೂವರ್ ಎಂಬ ಮೂವರು 2004ರಲ್ಲೇ ಇದನ್ನ ಎತ್ತಿ ತೋರಿಸಿದ್ದರು. ಅವರು ಕಟ್ಟಿದ ಬೇರೆ ಪದ್ಧತಿಯಲ್ಲಿ ಮಾತು ಮುಂದುವರಿದ ಹಾಗೆ ಕೀಲಿಕೈಗಳು ಬದಲಾಗುತ್ತಾ, ಹಳೆಯವು ಅಳಿಸಿಹೋಗುತ್ತಾ ಇರ್ತವೆ. ಅದೇ ದಾರಿಯಲ್ಲಿ ಮುಂದೆ ಹೋಗಿ ಸಿಗ್ನಲ್ ಬಂತು, ಸಿಗ್ನಲ್‌ನ ಪದ್ಧತಿಯನ್ನೇ 2016ರಲ್ಲಿ ವಾಟ್ಸಾಪ್ ತನ್ನ ಎಲ್ಲ ಬಳಕೆದಾರರಿಗೂ ಹಾಕಿತು. ನಮ್ಮ ಅವ್ವಂದಿರು ಫ್ಯಾಮಿಲಿ ಗ್ರೂಪಿನಲ್ಲಿ ಗುಡ್ ಮಾರ್ನಿಂಗ್ ಹೂವು ಕಳಿಸುವಾಗ ಗ್ರೀನ್‌ವಾಲ್ಡ್‌ಗೆ ಆಗದ ಕೆಲಸ ಅವರಿಗೆ ಗೊತ್ತಿಲ್ಲದ ಹಾಗೆ ಆಗಿಬಿಡುತ್ತೆ.

ಹಾಗಾದ್ರೆ ಪಿಜಿಪಿ ಬಿಟ್ಟು ಸಿಗ್ನಲ್ ಹಾಕ್ಕೊಳ್ಳಿ, ಮುಗೀತು ಅನ್ನೋರು ನನ್ನ ಗೆಳೆಯರಲ್ಲೇ ಬಹಳ ಜನ ಇದ್ದಾರೆ. ಹರಟೆಗೆ ಅವರ ಮಾತು ಪೂರ್ತಿ ಸರಿ. ಆದ್ರೆ ಕಾಗದ ಹರಟೆಯಲ್ಲ. ಹರಟೆ ಕರಗಿಹೋದರೇ ಚಂದ, ಕಾಗದ ಉಳಿದರೇ ಕಾಗದ. ನನಗೆ ಬೇಕಾಗಿರೋದು ಹದಿನೈದು ವರ್ಷದ ಮೇಲೂ ನಾನು ಓದಬಹುದಾದ, ಬೇರೆಯವರು ಓದಲಾಗದ ಒಂದು ಟ್ರಂಕು. ಇದಕ್ಕೆ ಉಪಾಯ ಇಲ್ಲದೇ ಇಲ್ಲ. ದಾರಿಯ ಕೀಲಿಯೇ ಬೇರೆ, ಮನೆಯ ಕೀಲಿಯೇ ಬೇರೆ ಇರಬೇಕು. ಕಾಗದ ಬಂದ ಕೂಡಲೇ ಬಿಡಿಸಿ, ನಮ್ಮದೇ ಎನ್‌ಕ್ರಿಪ್ಟ್ ಆದ ಡಿಸ್ಕಿನಲ್ಲಿ ಬೇರೆಯಾಗಿ ಮುಚ್ಚಿಡಬೇಕು. ದಾರಿಯ ಕೀಲಿಕೈಯನ್ನ ವರ್ಷಕ್ಕೊಮ್ಮೆ ಬದಲಿಸಿ ಹಳೆಯದನ್ನ ಸುಡಬೇಕು. ಪಿಜಿಪಿಯ ಒಳಗೇ ಇದಕ್ಕೆ ಬೇಕಾದ್ದೆಲ್ಲ ಇದೆ, ಉಪಕೀಲಿಗಳನ್ನ ಮಾಡಬಹುದು, ಅವಕ್ಕೆ ಮುಗಿಯೋ ದಿನ ಇಡಬಹುದು. ಥಂಡರ್‌ಬರ್ಡಿನಲ್ಲಿ ಬಿಡಿಸಿದ ಪ್ರತಿಯನ್ನ ಬೇರೆ ಫೋಲ್ಡರಿಗೆ ಹಾಕೋ ಆಯ್ಕೆ ಕೂಡ ಎಲ್ಲೋ ಮೆನು ಒಳಗೆ ಅಡಗಿಕೊಂಡಿದೆ. ಆದ್ರೆ ತಾನಾಗೇ ಇದನ್ನ ಮಾಡಿಕೊಡೋದಿಲ್ಲ. ಮೂವತ್ತು ವರ್ಷ ಗಣಿತ ತಿದ್ದಿದವರು, ಓದಿದ ಮೇಲೆ ಕಾಗದ ಎಲ್ಲಿಡ್ತೀರಿ ಅಂತ ಓದುಗರನ್ನ ಒಂದು ಸಲ ಕೇಳಲಿಲ್ಲ.

ಸಾಫ್ಟ್‌ವೇರುಗಳು ಓದೋ ಗಳಿಗೆಯನ್ನ ಎಷ್ಟು ಹಗುರವಾಗಿ ತಗೊಂಡವು ಅನ್ನೋದಕ್ಕೆ 2018ರ ಮೇ ತಿಂಗಳ ಇಫೇಲ್ ಪ್ರಕರಣವೇ ಸಾಕು. ಜರ್ಮನಿ, ಬೆಲ್ಜಿಯಂನ ಸಂಶೋಧಕರು ಪಿಜಿಪಿಯ ಬೀಗ ಮುರಿಯೋ ಗೋಜಿಗೆ ಹೋಗದೆ ದಾರಿ ಹುಡುಕಿದರು. ಕದ್ದ, ಮುಚ್ಚಿದ ಕಾಗದವನ್ನ ಒಂದು ಎಚ್‌ಟಿಎಮ್‌ಎಲ್ ಇಮೇಲಿನ ನಡುವೆ, ಚಿತ್ರವೊಂದರ ವಿಳಾಸದ ಒಳಗೆ ಬರೋ ಹಾಗೆ ಜೋಡಿಸಿ ನಿಮಗೇ ಕಳಿಸೋದು. ನಿಮ್ಮ ಇಮೇಲು ಸಾಫ್ಟ್‌ವೇರು ನಿಮ್ಮ ಕೀಲಿಕೈಯಿಂದ ವಿಧೇಯವಾಗಿ ಅದನ್ನ ಬಿಡಿಸುತ್ತೆ, ಆಮೇಲೆ ಚಿತ್ರ ತರೋಕೆ ಅಂತ ಬಿಡಿಸಿದ ಕಾಗದವನ್ನೇ ವಿಳಾಸವಾಗಿ ಹಿಡ್ಕೊಂಡು ಕಳ್ಳನ ಮನೆಗೆ ಹೋಗುತ್ತೆ! ಎಲ್ಲ ಸಾಫ್ಟ್‌ವೇರಿನಲ್ಲೂ ಹೀಗಾಗ್ತಿರಲಿಲ್ಲ, ಆದ್ರೆ ಹೆಸರುವಾಸಿಯಾದ ಹಲವದರಲ್ಲಿ ಆಗ್ತಿತ್ತು. ಮರುವರ್ಷದ ಜೂನ್‌ನಲ್ಲಿ ಕೀಲಿಗಳನ್ನ ಹಂಚೋ ಸರ್ವರುಗಳ ಸರದಿ. ಯಾರ ಕೀಲಿಗೆ ಬೇಕಾದರೂ ಯಾರು ಬೇಕಾದರೂ ಸಹಿ ಅಂಟಿಸಬಹುದು, ಅಂಟಿಸಿದ್ದನ್ನ ಕೀಳೋಕಾಗಲ್ಲ ಅನ್ನೋದು ಅಲ್ಲಿಯ ನಿಯಮ. ಪಿಜಿಪಿಗಾಗಿ ವರ್ಷಗಟ್ಟಲೆ ದುಡಿದ ಇಬ್ಬರ ಕೀಲಿಗಳಿಗೆ ಯಾರೋ ಸುಮಾರು ಒಂದೂವರೆ ಲಕ್ಷ ಸಹಿ ಅಂಟಿಸಿದರು. ಆ ಕೀಲಿ ತಂದುಕೊಂಡವರ ಜಿಪಿಜಿ ಏದುಸಿರು ಬಿಟ್ಟು ನಿಂತುಹೋಯ್ತು.

ಕೀಲಿಕೈ ನೋಡಿಕೊಳ್ಳೋದು ಮನುಷ್ಯರ ಕೈಲಾಗದ ಕೆಲಸ ಅಂತಾದ ಮೇಲೆ, ಕೊಡಿ ಇಲ್ಲಿ ನಾವು ನೋಡ್ಕೋತೀವಿ ಅನ್ನೋರು ಬಂದೇ ಬರ್ತಾರೆ. ದೊಡ್ಡ ಆಫೀಸುಗಳಲ್ಲಿ ಎಸ್‌ಮೈಮ್ ಅನ್ನೋ ಪಿಜಿಪಿಯ ದಾಯಾದಿ ಇದೆ. ನಾನು ಒಂದಷ್ಟು ಕಾಲ ಕೆಲಸ ಮಾಡಿದ ಕಡೆ ಅದೇ ಇತ್ತು. ಎರಡು ವರ್ಷಕ್ಕೊಮ್ಮೆ ಸರ್ಟಿಫಿಕೇಟ್ ಅವಧಿ ಮುಗೀತಿತ್ತು, ಹೊಸದು ಬರ್ತಿತ್ತು. ಅವಧಿ ಮುಗಿದರೂ ಹಳೇ ಕಾಗದಕ್ಕೆ ಹಳೇ ಕೀಲಿಕೈಯೇ ಬೇಕು. ಹೊಸ ಲ್ಯಾಪ್‌ಟಾಪ್ ಕೊಟ್ಟ ದಿನ ಹಳೆಯದು ಅದರೊಳಗೆ ಇರ್ತಿರಲಿಲ್ಲ. ಪಕ್ಕದ ತಂಡದ ಹುಡುಗಿಯೊಬ್ಬಳು ತನ್ನದೇ ಹೆರಿಗೆ ರಜೆಯ ಮಂಜೂರಾತಿ ಇಮೇಲು ತೆರೆಯೋಕಾಗದೆ ಟಿಕೆಟ್ ಹಾಕಿದಳು. ಕೀಲಿಕೈ ಮರಳಿ ಪಡೆಯೋಕೆ ಮ್ಯಾನೇಜರ ಒಪ್ಪಿಗೆ ಬೇಕು ಅಂತ ಉತ್ತರ ಬಂತು. ಅಂದ್ರೆ ಅಷ್ಟೂ ದಿನ ಆ ಕೀಲಿಕೈಯ ಇನ್ನೊಂದು ಪ್ರತಿ ಕಂಪನಿ ಹತ್ತಿರ ಇತ್ತು. ಕಂಪನಿಯ ಕಾಗದ, ಕಂಪನಿಯ ಕೀಲಿಕೈ, ತಪ್ಪೇನಿಲ್ಲ ಅನ್ನಬಹುದು. ಕಿಟಕಿಯ ಮೂಲೆಯಲ್ಲಿದ್ದ ಪುಟ್ಟ ಬೀಗದ ಚಿತ್ರ ಮಾತ್ರ ಬೇರೇನೋ ಹೇಳ್ತಿತ್ತು.

ಲಾವಾಬಿಟ್ ಕಥೆ ಇದಕ್ಕಿಂತ ಗಂಭೀರ. ಸ್ನೋಡೆನ್ ಬಳಸ್ತಿದ್ದ ಇಮೇಲು ಸೇವೆ ಅದು, ಸುಮಾರು 4 ಲಕ್ಷ ಬಳಕೆದಾರರಿದ್ದರು, ನಡೆಸ್ತಿದ್ದವರು ಲಾದಾರ್ ಲೆವಿಸನ್. 2013ರ ಬೇಸಿಗೆಯಲ್ಲಿ ಎಫ್‌ಬಿಐಗೆ ಬೇಕಾಗಿದ್ದದ್ದು ಒಬ್ಬನ ಕಾಗದಗಳು, ಕೇಳಿದ್ದು ಇಡೀ ಸೇವೆಯ ಕೀಲಿಕೈ. ಲೆವಿಸನ್ ಕೊಟ್ಟರು, ಹೇಗೆ ಅಂದ್ರೆ ಕಾಗದದ ಮೇಲೆ, ನಾಲ್ಕು ಪಾಯಿಂಟಿನ ಇರುವೆ ಸಾಲಿನಂಥ ಅಕ್ಷರದಲ್ಲಿ, 11 ಪುಟ. ನ್ಯಾಯಾಲಯಕ್ಕೆ ಈ ಹಾಸ್ಯ ರುಚಿಸಲಿಲ್ಲ. ಕಂಪ್ಯೂಟರಿನಲ್ಲಿ ಓದೋ ಹಾಗೆ ಕೊಡೋವರೆಗೆ ದಿನಕ್ಕೆ 5000 ಡಾಲರ್ ದಂಡ ಅಂದಿತು. ಕಡೆಗೆ ಕೊಟ್ಟರು, ಆಗಸ್ಟ್ 8ರಂದು ಸೇವೆಯನ್ನೇ ಮುಚ್ಚಿದರು. 4 ಲಕ್ಷ ಜನರ ಪಾಲಿನ ಮಾಸ್ತರ್ರು ಒಬ್ಬರೇ ಆಗಿದ್ದರು, ಒಳ್ಳೆಯವರೂ ಆಗಿದ್ದರು. ಮರುವರ್ಷ ಬಂದ ಪ್ರೋಟಾನ್‌ಮೇಲ್ ಇದರಿಂದ ಪಾಠ ಕಲಿತ ಹಾಗೆ ಕಾಣುತ್ತೆ. ಕೀಲಿಕೈ ಅವರ ಸರ್ವರಿನಲ್ಲೇ ಇರುತ್ತೆ, ಆದ್ರೆ ನಿಮ್ಮ ಪಾಸ್‌ವರ್ಡಿನಿಂದ ಮುಚ್ಚಿರುತ್ತೆ. ಪಾಸ್‌ವರ್ಡ್ ಮರೆತು, ಮರಳಿ ಪಡೆಯೋ ಏರ್ಪಾಡು ಮೊದಲೇ ಮಾಡಿಕೊಳ್ಳದಿದ್ದರೆ ಖಾತೆ ವಾಪಸ್ ಸಿಗುತ್ತೆ, ಹಳೇ ಕಾಗದ ಸಿಗಲ್ಲ. ಜನ ಇದನ್ನ ದೋಷ ಅಂತ ಬೈತಾರೆ. ನನಗೆ ಅದರಲ್ಲಿ ಪ್ರಾಮಾಣಿಕತೆ ಕಾಣುತ್ತೆ. ಮರೆತವರಿಗೆ ಕಂಪನಿಯವರು ತೆಗೆದುಕೊಡಬಲ್ಲರು ಅಂದ್ರೆ ಇನ್ಯಾರು ಬಂದು ಕೇಳಿದರೂ ತೆಗೆದುಕೊಡಬಲ್ಲರು.

ನಮ್ಮಲ್ಲಿ ಕೇಳೋರು ಇಲ್ಲದೇ ಇಲ್ಲ. ಐಟಿ ಕಾಯ್ದೆಯ 69ನೇ ಸೆಕ್ಷನ್ ಪ್ರಕಾರ, ಅಧಿಕಾರ ಇರೋರು ಕಾನೂನಿನ ರೀತಿಯಲ್ಲಿ ಆದೇಶ ಕೊಟ್ಟರೆ ಎನ್‌ಕ್ರಿಪ್ಟ್ ಆದದ್ದನ್ನ ಬಿಡಿಸೋಕೆ ನೆರವಾಗಲೇಬೇಕು, ಇಲ್ಲಾಂದ್ರೆ ಏಳು ವರ್ಷದವರೆಗೆ ಜೈಲು. ಬರೀ ಕಂಪನಿಗಳಿಗಲ್ಲ, ಬಳಸೋ ನಮಗೂ ಇದು ಅನ್ವಯ. 2015ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಒಂದು ರಾಷ್ಟ್ರೀಯ ಎನ್‌ಕ್ರಿಪ್ಷನ್ ನೀತಿಯ ಕರಡನ್ನ ಹೊರಗೆ ಬಿಟ್ಟಿತ್ತು, ನೆನಪಿದೆಯಾ? ನಾಗರಿಕರು ತಾವು ಎನ್‌ಕ್ರಿಪ್ಟ್ ಮಾಡಿ ಕಳಿಸಿದ್ದರ ಬಿಚ್ಚು ಪ್ರತಿಯನ್ನ 90 ದಿನ ಇಟ್ಟುಕೊಂಡಿರಬೇಕು ಅಂತ ಅದರಲ್ಲಿತ್ತು. ಕಪಾಟಿಗೆ ಕೀಲಿ ಹಾಕಿ, ಬೇಡ ಅನ್ನಲ್ಲ, ಒಳಗಿರೋದನ್ನೆಲ್ಲ ಹೊರಗೆ ಇನ್ನೊಂದು ಸಲ ಹರಡಿಡಿ! ಗದ್ದಲ ಎದ್ದು ಕೆಲವೇ ದಿನದಲ್ಲಿ ಕರಡು ವಾಪಸಾಯಿತು. ಬರೆದವರಿಗೆ ವಿಷಯ ತಿಳಿದಿರಲಿಲ್ಲ ಅಂತ ಆಗ ನಾವೆಲ್ಲ ನಕ್ಕೆವು. ಈಗ ಹಾಗನ್ನಿಸಲ್ಲ, ಅವರಿಗೆ ಒಂದು ವಿಷಯ ಚೆನ್ನಾಗಿ ತಿಳಿದಿತ್ತು. ಕಾಗದ ಓದೋಕೆ ಬೀಗ ಒಡೀಬೇಕಾಗಿಲ್ಲ, ಓದೋ ಮನುಷ್ಯನನ್ನ ಹಿಡಿದರೆ ಸಾಕು. ಪಿಜಿಪಿಯ ಒಂದೇ ಕೀಲಿಕೈ ವರ್ಷಾನುಗಟ್ಟಲೆ ಡ್ರಾವರಿನಲ್ಲಿ ಕೂತಿರುತ್ತಲ್ಲ, ಅದು ಕೇಳೋರಿಗೆ ಬಹಳ ಅನುಕೂಲದ ವಸ್ತು. ಅಳಿಸಿಹೋದ ಕೀಲಿಕೈಯನ್ನ ಯಾವ ಸೆಕ್ಷನ್ ಹಾಕಿದರೂ ಕೊಡೋಕಾಗಲ್ಲ.

ಪೋಯಿಟ್ರಸ್ ಅವರ 'ಸಿಟಿಜನ್‌ಫೋರ್' ಚಿತ್ರ 2014ರಲ್ಲಿ ಬಂತು, ಮರುವರ್ಷ ಆಸ್ಕರ್ ಪಡೆಯಿತು. ಶುರುವಾಗೋದೇ ಇಮೇಲಿನಿಂದ. ಕತ್ತಲ ಸುರಂಗದಲ್ಲಿ ದೀಪಗಳ ಸಾಲು ಸರೀತಿರುತ್ತೆ, ಪೋಯಿಟ್ರಸ್ ತಮಗೆ ಬಂದ ಕಾಗದವನ್ನ ಮೆಲುದನಿಯಲ್ಲಿ ಓದ್ತಾರೆ. ಪಾಸ್‌ಫ್ರೇಸ್ ಗಟ್ಟಿಯಿರಲಿ, ಎದುರಿನವರು ಸೆಕೆಂಡಿಗೆ ಒಂದು ಲಕ್ಷ ಕೋಟಿ ಸಲ ಊಹೆ ಮಾಡಬಲ್ಲರು ಅನ್ನೋ ಎಚ್ಚರಿಕೆ ಆ ಕಾಗದದಲ್ಲಿದೆ. ಒಳ್ಳೆಯ ಚಿತ್ರ, ಮೂರು ಸಲ ನೋಡಿದೀನಿ. ಆದ್ರೂ ಒಂದು ಆಕ್ಷೇಪ ಇದೆ. ಚಿತ್ರ ನಮಗೆ ಬಿಡಿಸಿದ ಕಾಗದವನ್ನ ಓದಿ ಕೇಳಿಸುತ್ತೆ, ಬಿಡಿಸೋ ಕಷ್ಟ ತೋರಿಸಲ್ಲ. ಹೋಟೆಲ್ ಕೋಣೆಯಲ್ಲಿ ಸ್ನೋಡೆನ್ ಕೆಂಪು ಬಟ್ಟೆ ಹೊದ್ದುಕೊಂಡು ಪಾಸ್‌ವರ್ಡ್ ಒತ್ತೋ ದೃಶ್ಯ ಬರುತ್ತೆ, ಥಿಯೇಟರಿನಲ್ಲಿ ಜನ ನಗ್ತಾರೆ. ಕೀಲಿ ಮರೆತು ಕಳಿಸಿದ ಆ ಮೊದಲ ಇಮೇಲು, ನೋಡದೇ ಬಿಟ್ಟ ಟ್ಯುಟೋರಿಯಲ್ ವಿಡಿಯೋ, ಇವು ಸುರಂಗದ ದೀಪಗಳಷ್ಟು ಚಂದ ಕಾಣ್ತಿರಲಿಲ್ಲ. ಮೈಕಾ ಲೀ ಆಮೇಲೆ ಪೋಯಿಟ್ರಸ್ ಕೀಲಿಯ ಬೆರಳಚ್ಚನ್ನ ಟ್ವಿಟರಿನಲ್ಲಿ ಬಹಿರಂಗವಾಗಿ ಹಾಕಿದರು, ನಡುದಾರಿಯಲ್ಲಿ ಯಾರೂ ಕೀಲಿ ಬದಲಿಸಿಲ್ಲ ಅಂತ ಸ್ನೋಡೆನ್ ಖಾತ್ರಿ ಮಾಡ್ಕೊಳ್ಳಲಿ ಅಂತ. ಯಾರಿಗೆ, ಯಾಕೆ ಅಂತ ನೋಡಿದವರಿಗೆ ಯಾರಿಗೂ ಗೊತ್ತಾಗಲಿಲ್ಲ. ಇಡೀ ಪ್ರಕರಣದಲ್ಲಿ ಇಷ್ಟು ಸಿನಿಮೀಯವಾದ ಇನ್ನೊಂದು ಗಳಿಗೆ ನನಗೆ ಕಾಣಲ್ಲ.

ಝಿಮ್ಮರ್‌ಮನ್ ಅವರೇ ಪಿಜಿಪಿ ಬಳಸೋದಿಲ್ಲ ಅಂತ 2015ರಲ್ಲಿ ಮದರ್‌ಬೋರ್ಡ್ ಪತ್ರಿಕೆ ಬರೆಯಿತು. ಎನ್‌ಕ್ರಿಪ್ಟ್ ಮಾಡಿ ಕಳಿಸಿದ್ದನ್ನ ಬಿಡಿಸೋಕಾಗದೆ ಮಾಮೂಲಿ ಇಮೇಲಿನಲ್ಲೇ ಕಳಿಸಿ ಅಂದಿದ್ದರಂತೆ. ನಗೋ ವಿಷಯ ಅಂತ ಎಲ್ಲರೂ ಹಂಚಿಕೊಂಡರು. ನನಗೆ ಅದು ಆ ಕೃತಿಯ ಬಗ್ಗೆ ಬಂದ ಅತ್ಯಂತ ನ್ಯಾಯವಾದ ವಿಮರ್ಶೆ ಅನ್ನಿಸ್ತು, ಅದೂ ಕರ್ತೃವಿನಿಂದಲೇ.

ಆಮೇಲೂ ಕೆಲಸ ನಿಂತಿಲ್ಲ. ಜಿಪಿಜಿಯನ್ನ 1997ರಿಂದ ಹೆಚ್ಚುಕಡಿಮೆ ಒಬ್ಬರೇ ಕಾಪಾಡಿಕೊಂಡು ಬಂದ ವರ್ನರ್ ಕಾಖ್ ಅವರ ಹಣದ ಮುಗ್ಗಟ್ಟಿನ ಸುದ್ದಿ 2015ರಲ್ಲಿ ಹೊರಬಿದ್ದು ದೇಣಿಗೆ ಹರಿದುಬಂತು. 2020ರಲ್ಲಿ ಥಂಡರ್‌ಬರ್ಡ್ ಪಿಜಿಪಿಯನ್ನ ತನ್ನೊಳಗೇ ಸೇರಿಸಿಕೊಂಡಿತು, ಬೇರೆ ಆಡ್‌ಆನ್ ಹಾಕೋ ತಾಪತ್ರಯ ತಪ್ಪಿತು. 2024ರ ಜುಲೈನಲ್ಲಿ ಓಪನ್‌ಪಿಜಿಪಿಯ ಹೊಸ ಮಾನದಂಡ ಬಂತು, ಗಣಿತ ಇನ್ನೂ ಗಟ್ಟಿಯಾಗಿದೆ, ಹಳೇ ಕೊಳೆ ಬಹಳಷ್ಟು ತೊಳೆದಿದ್ದಾರೆ. ಒಂದೇ ಕೀಲಿಕೈಗೆ ಹದಿನೈದು ವರ್ಷದ ಕಾಗದ ಅನ್ನೋದು ಮಾತ್ರ ಹಾಗೇ ಉಳಿದಿದೆ. ಅಷ್ಟರಲ್ಲಿ ಜಿಪಿಜಿಯವರಿಗೂ ಉಳಿದವರಿಗೂ ಜಗಳವಾಗಿ, ಜಿಪಿಜಿ ಲಿಬ್ರೆಪಿಜಿಪಿ ಅನ್ನೋ ಬೇರೆ ಮಾನದಂಡ ಹಿಡಿಯಿತು. ಒಬ್ಬರ ಹೊಸ ಬಗೆಯ ಕೀಲಿ ಹಾಕಿ ಕಳಿಸಿದ್ದನ್ನ ಇನ್ನೊಬ್ಬರ ಸಾಫ್ಟ್‌ವೇರು ತೆರೆದೇ ತೆರೆಯುತ್ತೆ ಅಂತ ಈಗ ಹೇಳೋ ಹಾಗಿಲ್ಲ.